ಕಂಬಿಗೆ ಚುಚ್ಚಿದ ಕಾರ್ಡುಗಳು

ಹಳೇ ಪೋಸ್ಟ್‌ಕಾರ್ಡುಗಳಲ್ಲಿ ಕೋಲಾರ ಜಿಲ್ಲೆಯ ಚರಿತ್ರೆ ಹುಡುಕಲು ಹೊರಟವರಿಗೆ ಮೊದಲು ಸಿಗುವುದು ಚಿನ್ನದ ಗಣಿ. ಗಣಿಬಾಯಿಯ ಮೇಲಿನ ಕಬ್ಬಿಣದ ಗೋಪುರ, ಸೈನೈಡ್ ದಿಬ್ಬ, ದೊರೆಗಳ ಬಂಗಲೆ, ವಿದ್ಯುತ್ ಕಂಬದ ಸಾಲು. ಊರಿಗಾಂ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ ಕಡೆಯ ಇಂಥ ಚಿತ್ರಗಳ ಕಾರ್ಡುಗಳಿಗೆ ಇವತ್ತಿಗೂ ಇಂಗ್ಲೆಂಡಿನಲ್ಲಿ ಕೊಳ್ಳುವವರಿದ್ದಾರೆ. ಕಾರಣ ಇಷ್ಟೇ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಗಣಿಯ ಆಡಳಿತ ವಹಿಸಿಕೊಂಡ ಮೇಲೆ ಕಾರ್ನ್‌ವಾಲ್ ಪ್ರಾಂತ್ಯದಿಂದ ಗಣಿ ಕಸುಬು ಬಲ್ಲವರು ಇಲ್ಲಿಗೆ ಬಂದರು. ತಾವು ಎಂಥಾ ಊರಿನಲ್ಲಿದ್ದೇವೆ ಎಂದು ಅವರು ಮನೆಯವರಿಗೆ ತೋರಿಸಬೇಕಿತ್ತು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ ಬಂತು, ಬೆಂಗಳೂರಿನ ಬೀದಿಗೆ ಬರುವುದಕ್ಕೂ ಮೂರು ವರ್ಷ ಮುಂಚೆ. ತೋರಿಸಲು ಅಲ್ಲಿ ಬೇಕಾದಷ್ಟಿತ್ತು, ನೋಡಬೇಕೆನ್ನುವವರು ಕಡಲಾಚೆ ಇದ್ದರು.

ಆದರೆ ಕೋಲಾರದ ಪೇಟೆ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ? ಮುಳಬಾಗಿಲಿನ ಅಂಗಡಿ ಬೀದಿಯ ಚಿತ್ರ ಯಾರಿಗೆ ಬೇಕಿತ್ತು? ಅಲ್ಲಿಂದ ಕಾಗದ ಹೋಗುತ್ತಿದ್ದದ್ದು ಆ ಬೀದಿಯನ್ನು ದಿನಾ ನೋಡಿದ್ದವರಿಗೇ. ಹಾಗಾಗಿ ನಮ್ಮ ಊರುಗಳ ಚರಿತ್ರೆ ಉಳಿದಿರುವುದು ಚಿತ್ರವಿಲ್ಲದ ಬೋಳು ಕಾರ್ಡಿನಲ್ಲಿ, ಅದರ ಬರೆದ ಮಗ್ಗುಲಲ್ಲಿ. ಇದು ನನಗೆ ಮನವರಿಕೆಯಾದದ್ದು ಶ್ರೀನಿವಾಸಪುರದ ಒಂದು ಬಚ್ಚಲುಮನೆಯ ಹಂಡೆ ಒಲೆಯ ಮುಂದೆ. ಆ ರಾತ್ರಿಯ ಕತೆಯನ್ನು ಕೇಳಿದವರಿಗೆಲ್ಲ ಹೇಳಿದ್ದೇನೆ. ಈಗ ನಿಮಗೂ ಹೇಳುತ್ತೇನೆ.

ಅದು ಗಣಿ ಮುಚ್ಚಿದ ವರ್ಷ. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ನಿಂತಿತ್ತು. ನಾನು ಹೇಳುತ್ತಿರುವುದು ಅದೇ ವರ್ಷದ ಧನುರ್ಮಾಸದ ಮಾತು. ನಾನಾಗ ಕೋಲಾರದಲ್ಲಿ ಮೇಷ್ಟ್ರಾಗಿದ್ದೆ. ಹಳೇ ಕಾರ್ಡು ಕೂಡಿಡುವ ಹುಚ್ಚು ಹಿಡಿದಿತ್ತು. ಗಣಿ ಕಾಲೋನಿಗಳಿಂದ ಜನ ಊರು ಬಿಟ್ಟು ಹೋಗುತ್ತಿದ್ದಾಗ ಗುಜರಿ ಅಂಗಡಿಗಳಿಗೆ ಬಂದ ಕಾಗದಗಳಲ್ಲಿ ಚಿತ್ರದ ಕಾರ್ಡು ಆಯುತ್ತಿದ್ದೆ. ನನಗೆ ಜೊತೆ ಅಂತ ಇದ್ದವರು ಶ್ರೀನಿವಾಸಪುರದ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್. ಊರೆಲ್ಲ ಅವರನ್ನು ಪೋಸ್ಟಣ್ಣ ಅಂತಲೇ ಕರೆಯುವುದು. ಒಂದು ಶನಿವಾರ ಅವರು ಹೇಳಿಕಳಿಸಿದರು: ಹಳೇ ಮಾವಿನ ಮಂಡಿಯವರು ಮನೆ ಕೆಡವುತ್ತಿದ್ದಾರೆ, ಅಟ್ಟದ ಕಾಗದವನ್ನೆಲ್ಲ ಒಲೆಗೆ ಹಾಕುತ್ತಿದ್ದಾರೆ, ಬೇಗ ಬನ್ನಿ.

ನಾವು ಆ ಮನೆ ತಲುಪುವ ಹೊತ್ತಿಗೆ ಕತ್ತಲಾಗಿತ್ತು. ಮುಂದಿನ ಅಂಗಡಿ ಸಾಲನ್ನು ಆಗಲೇ ಬೀಳಿಸಿದ್ದರು. ಹಿಂದಿನ ಅಡಿಗೆಮನೆ, ಬಚ್ಚಲು ಮಾತ್ರ ನಿಂತಿದ್ದವು. ಬಚ್ಚಲಲ್ಲಿ ತಾಮ್ರದ ಹಂಡೆ, ಕೆಳಗೆ ನೀಲಗಿರಿ ಸೌದೆಯ ಉರಿ. ಮನೆಯ ಮೊಮ್ಮಗ ಗೋಣಿಚೀಲದಿಂದ ಕೈತುಂಬ ಕಾಗದ ತೆಗೆದು ಒಲೆಗೆ ತುರುಕುತ್ತಿದ್ದ. ಅವನ ಪಕ್ಕದಲ್ಲಿ ಮಣೆ ಹಾಕಿಕೊಂಡು ಅವನ ಅಜ್ಜಿ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದರು. ಅವರೆಕಾಯಿ ಕಾಲದಲ್ಲಿ ನಮ್ಮ ಕಡೆ ಯಾವ ಮನೆಗೆ ಹೋದರೂ ಕಾಣುವ ನೋಟ ಅದು.

ಪೋಸ್ಟಣ್ಣ ಹೋದವರೇ ಹುಡುಗನ ಕೈ ಹಿಡಿದುಕೊಂಡರು. "ತಡಿಯಪ್ಪಾ, ತಡಿ. ಇವೆಲ್ಲ ನಾನೇ ತಂದುಕೊಟ್ಟಿದ್ದು ಕಣೋ."

ಹುಡುಗನಿಗೆ ಅರ್ಥವಾಗಲಿಲ್ಲ. ಅಜ್ಜಿ ಮಾತ್ರ ತಲೆಯೆತ್ತಿ, "ಪೋಸ್ಟಣ್ಣನಾ? ಕೂತ್ಕೋ. ಯಾರಿವರು?" ಅಂದರು.

"ಕೋಲಾರದ ಮೇಷ್ಟ್ರಮ್ಮಾ. ಹಳೇ ಕಾರ್ಡು ಬೇಕಂತೆ."

"ಹಳೇ ಕಾರ್ಡು ಇಟ್ಕೊಂಡು ಏನ್ ಮಾಡ್ತಾರೆ ಮೇಷ್ಟ್ರು?"

ಚರಿತ್ರೆ ಗಿರಿತ್ರೆ ಅಂತ ನಾನು ಏನೋ ಹೇಳಿದೆ. ಅವರು ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಗೊಂಡ್ ಹೋಗಿ. ಆದ್ರೆ ಒಂದ್ ಮಾತು. ಎಲ್ಲಾನೂ ನಂಗೆ ಓದಿ ಹೇಳ್ಬಿಟ್ಟು ತಗೊಂಡ್ ಹೋಗ್ಬೇಕು. ಈ ಮನೇಗೆ ಬಂದ ಕಾಗದ ನಾನು ಒಂದೂ ಕೇಳ್ಲಿಲ್ಲ" ಅಂದರು.

ಅದು ನಿಜ. ಆ ಕಾಲದಲ್ಲಿ ಕಾರ್ಡು ಬರುತ್ತಿದ್ದದ್ದು ಯಜಮಾನರ ಹೆಸರಿಗೆ, ಬರುತ್ತಿದ್ದದ್ದೂ ಮುಂದಿನ ಮಂಡಿಗೆ. ಓದಿದ ಮೇಲೆ ಅದನ್ನು ಕಂಬಿಗೆ ಚುಚ್ಚುತ್ತಿದ್ದರು. ಮರದ ಬುಡಕ್ಕೆ ನೆಟ್ಟಗೆ ನಿಲ್ಲಿಸಿದ, ತುದಿ ಕೊಕ್ಕೆಯಂತೆ ಬಾಗಿದ ಆ ಕಂಬಿ ನೀವೂ ನೋಡಿರಬಹುದು. ಒಳಮನೆಯ ಹೆಂಗಸರಿಗೆ ಕಾಗದದ ಸಾರಾಂಶ ಯಾರಾದರೂ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹೀಗೆ ಶುರುವಾಯಿತು. ಹುಡುಗ ಸೌದೆ ನೋಡಿಕೊಂಡ, ನಾನು ಓದಿದೆ, ಅಜ್ಜಿ ಹಿತುಕುತ್ತಾ ಕೇಳಿದರು, ಪೋಸ್ಟಣ್ಣ ಪ್ರತಿ ಕಾರ್ಡನ್ನೂ ಬೆಳಕಿಗೆ ಹಿಡಿದು ಠಸ್ಸೆ ನೋಡಿ ನನ್ನ ನೋಟ್‌ಬುಕ್ಕಿನಲ್ಲಿ ಊರು, ತಾರೀಕು ಗುರುತು ಮಾಡಿದರು.

ಕಾರ್ಡಿನ ಬಗ್ಗೆ ಎರಡು ಮಾತು ಇಲ್ಲೇ ಹೇಳಿಬಿಡುತ್ತೇನೆ. ಜಗತ್ತಿನ ಮೊದಲ ಪೋಸ್ಟ್‌ಕಾರ್ಡು ಹೊರಟದ್ದು ಆಸ್ಟ್ರಿಯಾ-ಹಂಗೇರಿಯಲ್ಲಿ, 1869ರ ಅಕ್ಟೋಬರ್ 1ರಂದು. ನಮ್ಮಲ್ಲಿ 1879ರ ಜುಲೈ 1ಕ್ಕೆ ಬಂತು, ಬೆಲೆ ಕಾಲಾಣೆ. ಮೈಸೂರು ಸೀಮೆಯಲ್ಲಿ ಆಗಿನ್ನೂ ಚಿಕ್ಕದೇವರಾಜ ಒಡೆಯರು ಶುರುಮಾಡಿದ ನಮ್ಮದೇ ಅಂಚೆ ನಡೆಯುತ್ತಿತ್ತು. ಅದು ಬ್ರಿಟಿಷ್ ಅಂಚೆಯೊಂದಿಗೆ ಸೇರಿಹೋದದ್ದು 1889ರಲ್ಲಿ. ಕಾರ್ಡಿಗೆ ಇಸವಿ ಹಾಕದಿದ್ದರೂ ಕಾಲ ಹೇಳಬಹುದು. ಐದನೇ ಜಾರ್ಜ್ ತಲೆಯಿದ್ದರೆ 1911ರಿಂದ 1936ರ ಒಳಗೆ. ಆರನೇ ಜಾರ್ಜ್ ಇದ್ದರೆ ಅಲ್ಲಿಂದೀಚೆಗೆ. ನಯಾಪೈಸೆ ಅಂತ ಅಚ್ಚಾಗಿದ್ದರೆ 1957ರ ಏಪ್ರಿಲ್ ಆದಮೇಲೆ. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚೆ. ಹುಲಿ ಮುಖದ ಹದಿನೈದು ಪೈಸೆಯ ಕಾರ್ಡನ್ನು ನಮ್ಮ ವಯಸ್ಸಿನವರೆಲ್ಲ ಬರೆದೇ ಇದ್ದೇವೆ.

ಮೊದಲು ಸಿಕ್ಕಿದ್ದೆಲ್ಲ ವ್ಯಾಪಾರದ ಕಾರ್ಡು. ಮದ್ರಾಸಿನ ಕೊತ್ವಾಲ್ ಚಾವಡಿಯಿಂದ ಬಂದವೇ ಹೆಚ್ಚು. ಕೊಯಂಬೇಡು ಮಾರುಕಟ್ಟೆ ಬರುವ ಮೊದಲು ಮದ್ರಾಸಿಗೆ ಹೋಗುವ ಹಣ್ಣು ತರಕಾರಿಯೆಲ್ಲ ಇಳಿಯುತ್ತಿದ್ದದ್ದು ಅಲ್ಲೇ. ಬೇನಿಷಾ ಇಷ್ಟು ಬುಟ್ಟಿ ಮುಟ್ಟಿತು, ಇಷ್ಟು ಕೊಳೆತಿತ್ತು, ನೀಲಂ ಈಗ ಕಳಿಸಬೇಡಿ, ರಾಜಗೀರಕ್ಕೆ ಗಿರಾಕಿ ಇದೆ. ಎರಡೇ ಸಾಲು, ಕೆಳಗೆ ರುಜು. ಕೆಲವು ಇಂಗ್ಲಿಷಿನಲ್ಲಿ, ಕೆಲವು ತೆಲುಗಿನಲ್ಲಿ. ನಮ್ಮ ಕಡೆಯವೇ ಕೆಲವು ಮೋಡಿ ಅಕ್ಷರದವು. ಅವನ್ನು ಓದಲು ನನಗೆ ಬರಲಿಲ್ಲ, ಪೋಸ್ಟಣ್ಣ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು.

ಒಂದು ಕಾರ್ಡಿನಲ್ಲಿ, ಬೌರಿಂಗ್‌ಪೇಟೆಯಲ್ಲಿ ಮಾಲು ಒಂದು ರಾತ್ರಿ ಬಿದ್ದಿತ್ತು, ಅದಕ್ಕೇ ಕೆಟ್ಟಿತು ಎಂದಿತ್ತು. ಹುಡುಗ "ಬೌರಿಂಗ್‌ಪೇಟೆ ಎಲ್ಲಯ್ತೆ?" ಅಂತ ಕೇಳಿದ. ಬಂಗಾರಪೇಟೆಯೇ ಅದು, ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್ ಹೆಸರಿನಲ್ಲಿತ್ತು. ಅಲ್ಲಿಂದ ಕೋಲಾರಕ್ಕೆ 1913ರಲ್ಲಿ ಚಿಕ್ಕ ಗೇಜಿನ ರೈಲು ಬಂದು, ಮುಂದಿನ ಕೆಲವೇ ವರ್ಷಗಳಲ್ಲಿ ಶ್ರೀನಿವಾಸಪುರ, ಚಿಂತಾಮಣಿ ದಾಟಿ ಚಿಕ್ಕಬಳ್ಳಾಪುರ ಮುಟ್ಟಿತು. ಶ್ರೀನಿವಾಸಪುರದ ಮಾವಿಗೆ ದೂರದ ಪೇಟೆಯ ದಾರಿ ತೆರೆದದ್ದರಲ್ಲಿ ಆ ರೈಲಿನ ಪಾಲಿದೆ. ಆದರೆ ಬೌರಿಂಗ್‌ಪೇಟೆಯಲ್ಲಿ ಎಲ್ಲವನ್ನೂ ಇಳಿಸಿ ದೊಡ್ಡ ರೈಲಿಗೆ ಹತ್ತಿಸಬೇಕು. ಹಣ್ಣು ಒಂದು ರಾತ್ರಿ ನಿಂತರೆ ಆಯಿತು. ರೈಲು ಯಾವಾಗ ಬಂತು ಅನ್ನುವುದು ಗೆಜೆಟಿಯರಿನಲ್ಲಿ ಸಿಗುತ್ತದೆ. ಆ ರೈಲಿನಿಂದ ಒಬ್ಬ ಮಂಡಿಯವನಿಗೆ ಏನು ಲಾಭ, ಏನು ನಷ್ಟ ಅನ್ನುವುದು ಈ ಕಾರ್ಡಿನಲ್ಲಿತ್ತು.

ಅಜ್ಜಿಗೆ ಅದೂ ನೆನಪಿತ್ತು. "ಆ ವರ್ಷ ನಮ್ಮ ಮಾವ ಮೂರ್ ದಿನ ಸರಿಯಾಗಿ ಉಣ್ಲಿಲ್ಲ. ಯಾಕೆ ಅಂತ ಯಾರೂ ನಮಗೆ ಹೇಳ್ಲಿಲ್ಲ. ಇವತ್ತು ಗೊತ್ತಾಯ್ತು ನೋಡಿ."

ಮಾಲೂರಿನಿಂದ ಬಂದ ಒಂದು ಕಾರ್ಡಿನಲ್ಲಿ ಹೆಂಚಿನ ದರವಿತ್ತು. ಅದು ನಯಾಪೈಸೆ ಕಾಲದ್ದು. ಸಾವಿರಕ್ಕೆ ಇಷ್ಟು, ಮೂಲೆ ಹೆಂಚಿಗೆ ಬೇರೆ, ಲಾರಿ ಬಾಡಿಗೆ ನಿಮ್ಮದು. ಮಾಲೂರು ಕಡೆಯ ಕೆರೆಮಣ್ಣಿನಿಂದ ಬೆಂಗಳೂರಿಗೆಲ್ಲ ಇಟ್ಟಿಗೆ, ಹೆಂಚು ಹೋದವು. ಅಜ್ಜಿ ತಲೆಯೆತ್ತಿ ಬಚ್ಚಲಿನ ಸೂರು ತೋರಿಸಿದರು. "ಅದೇ ಹೆಂಚು." ಮಾರನೇ ವಾರ ಆ ಸೂರೂ ಇಳಿಯುವುದಿತ್ತು.

ಮುಳಬಾಗಿಲ ಕಡೆಯ ಕಾರ್ಡುಗಳು ಬೇರೆ ಥರ. ಅಲ್ಲಿ ಅಜ್ಜಿಯ ನಾದಿನಿಯನ್ನು ಕೊಟ್ಟಿತ್ತು. ಶ್ರೀಕಾರ, ಉಭಯ ಕುಶಲೋಪರಿ, ನಮಸ್ಕಾರ ಆಶೀರ್ವಾದಗಳಲ್ಲೇ ಮುಕ್ಕಾಲು ಕಾರ್ಡು ತುಂಬುತ್ತಿತ್ತು. ಉಳಿದ ಕಾಲುಭಾಗದಲ್ಲಿ ಮಳೆಯ ಸುದ್ದಿ. ಮಳೆ ಇಲ್ಲ. ಮೋಡ ಆಗಿ ಹೋಯಿತು. ರಾಗಿ ಒಣಗುತ್ತಿದೆ. ಒಂದೇ ಒಂದು ಕಾರ್ಡು ಮೂಲೆಗಳಿಗೆ ಅರಿಶಿನ ಹಚ್ಚಿ ಬಂದಿತ್ತು. ಮದುವೆ ಸುದ್ದಿ ಇರಬೇಕು ಅಂತ ಓದಿದರೆ, ಊರಿನ ಕೆರೆ ಕೋಡಿ ಬಿದ್ದಿದೆ, ಗಂಗೆಪೂಜೆ ಇಟ್ಟುಕೊಂಡಿದ್ದೇವೆ, ಎಲ್ಲರೂ ಬರುವುದು ಅಂತ! ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆಯನ್ನೇ ನಂಬಿದ ಸೀಮೆಯಲ್ಲಿ ಕೋಡಿ ಬೀಳುವುದು ಮದುವೆಗಿಂತ ದೊಡ್ಡ ಶುಭ. ಅದಕ್ಕಿಂತ ಬೆಲೆಯ ಕಾರ್ಡು ನನ್ನ ಸಂಗ್ರಹದಲ್ಲಿ ಇಲ್ಲ.

ನಾನು ಗಮನಿಸಿದ ಇನ್ನೊಂದು ಸಂಗತಿ. ಆ ಮನೆಯಲ್ಲಿ ಆಡುವ ಮಾತು ತೆಲುಗು. ನಾದಿನಿಯ ಮನೆಯದ್ದೂ ತೆಲುಗೇ. ಆದರೆ ಅವರು ಒಬ್ಬರಿಗೊಬ್ಬರು ಬರೆದದ್ದೆಲ್ಲ ಕನ್ನಡದಲ್ಲಿ. ಸ್ಕೂಲಿನಲ್ಲಿ ಕಲಿತದ್ದು ಕನ್ನಡ, ಕಚೇರಿಯದ್ದು ಕನ್ನಡ, ಹಾಗಾಗಿ ಕಾಗದವೂ ಕನ್ನಡ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ., ಮಾಲೂರು ತಾಲ್ಲೂಕಿನ ಮಾಸ್ತಿ ಇಬ್ಬರನ್ನೂ ಕೊಟ್ಟ ಸೀಮೆ ಇದು. ಅಂಥ ದೊಡ್ಡವರ ಕಾಗದವನ್ನು ಯಾರಾದರೂ ಜೋಪಾನ ಮಾಡುತ್ತಾರೆ. ಈ ಗಡಿಯಲ್ಲಿ ಮನೆಯೊಳಗೆ ತೆಲುಗು, ತಮಿಳು, ಉರ್ದು ಆಡುತ್ತಾ ಕನ್ನಡದಲ್ಲಿ ಕ್ಷೇಮ ಬರೆದ ಸಾವಿರಾರು ಜನರ ಕೈಬರಹಕ್ಕೆ ದಿಕ್ಕಿಲ್ಲ.

ಊಟಕ್ಕೆ ಎದ್ದೆವು. ಮುದ್ದೆ, ಹಿತಕಿದ ಬೇಳೆ ಸಾರು. ಕಡೇ ಬಸ್ಸು ಹೋಗಿಯಾಗಿತ್ತು. ಮತ್ತೆ ಒಲೆಯ ಮುಂದೆ ಬಂದು ಕೂತೆವು.

ಚೀಲದ ತಳದಲ್ಲಿ ಒಂದು ಕಂಬಿ ಹಾಗೇ ಇತ್ತು, ಕಾರ್ಡುಗಳ ಸಮೇತ. ತುಕ್ಕು ಹಿಡಿದು ಕಾರ್ಡುಗಳೆಲ್ಲ ಅಂಟಿಕೊಂಡಿದ್ದವು. ಪೋಸ್ಟಣ್ಣ ಒಂದೊಂದಾಗಿ ಬಿಡಿಸುತ್ತಾ ಹೋದಂತೆ ನಡುವೆ ಒಂದು ದಪ್ಪ ಕಾರ್ಡು ಬಂತು. ಆರನೇ ಜಾರ್ಜ್ ತಲೆಯ ಚೀಟಿ, ರಾಬರ್ಟ್‌ಸನ್‌ಪೇಟೆಯ ಠಸ್ಸೆ. ವಿಳಾಸ ಅಜ್ಜಿಯ ಮಾವನದ್ದು. ಓದಿದೆ. ತೀರ್ಥರೂಪರ ಪಾದಗಳಿಗೆ ನಮಸ್ಕಾರ, ನಾನು ಕ್ಷೇಮ, ತಂಗಿಯ ಕ್ಷೇಮಕ್ಕೆ ಬರೆಸುವುದು, ಗಾಡಿ ಈ ಕಡೆ ಬರುವುದಿದ್ದರೆ ರಾಗಿ ಹಿಟ್ಟು, ಹುಣಸೆಹಣ್ಣು ಕಳಿಸಿದರೆ ಉಪಕಾರ, ಇಲ್ಲಿ ಎಲ್ಲಾ ತುಟ್ಟಿ. ಬರೆದ ಅಕ್ಷರ ಬೇರೆಯವರದ್ದು. ಕೊನೆಯ ರುಜು ಮಾತ್ರ ಒತ್ತಿ ಒತ್ತಿ, ಕಷ್ಟಪಟ್ಟು ಹಾಕಿದ್ದು.

ಅಜ್ಜಿಯ ಕೈ ಕಾಳಿನ ಪಾತ್ರೆಯಲ್ಲೇ ನಿಂತಿತು. "ನಮ್ಮಣ್ಣ" ಅಂದರು.

ಕಾರ್ಡನ್ನು ತಿರುಗಿಸಿದಾಗ ಗೊತ್ತಾಯಿತು, ಅದು ಚಿತ್ರದ ಕಾರ್ಡು. ಅಂಗಡಿಯಲ್ಲಿ ಉಳಿದಿದ್ದ ಹಳೇ ದಾಸ್ತಾನಿನದ್ದಿರಬೇಕು, ಕೆಳಗೆ ಇಂಗ್ಲಿಷಿನಲ್ಲಿ ಕೋಲಾರ ಗೋಲ್ಡ್ ಫೀಲ್ಡ್ಸ್ ಎಂದಿತ್ತು. ಗಣಿಯ ಗೋಪುರ, ಅದರ ಹಿಂದೆ ಹೊಗೆ ಕೊಳವೆ, ಮುಂದೆ ಕೂಲಿಯವರ ಗುಂಪು. ಕಂಬಿಯ ತೂತು ಆಕಾಶದಲ್ಲಿ ಬಿದ್ದಿತ್ತು. ಗುಜರಿ ಅಂಗಡಿಗಳಲ್ಲಿ ನಾನು ಹುಡುಕಿ ಹುಡುಕಿ ಕೊಂಡ ಜಾತಿಯದ್ದೇ ಕಾರ್ಡು. ಅವೆಲ್ಲದರ ಹಿಂದೆ ಇಂಗ್ಲಿಷು, ಇಲ್ಲವೇ ಖಾಲಿ. ಕನ್ನಡ ಬರೆದದ್ದು ನಾನು ನೋಡಿದ್ದು ಅದೇ ಮೊದಲು.

ಅಜ್ಜಿ ಅದನ್ನು ಒಲೆಯ ಬೆಳಕಿಗೆ ಹಿಡಿದು ನೋಡಿದರು. ಅವರ ಅಣ್ಣ ಕೆಲಸ ಮಾಡುತ್ತಿದ್ದ ಜಾಗದ ಚಿತ್ರ ಅಷ್ಟು ವರ್ಷ ಅವರದೇ ಮನೆಯ ಮುಂಭಾಗದಲ್ಲಿ ಕಂಬಿಗೆ ನೇತಾಡುತ್ತಿತ್ತು, ಬರೆದ ಮಗ್ಗುಲು ಮೇಲಾಗಿ. ಅವರು ಅದನ್ನು ನೋಡಿದ್ದು ಆಗಲೇ ಮೊದಲು.

"ಇದರಲ್ಲಿ ಇಳೀತಿದ್ನಾ ನಮ್ಮಣ್ಣ?"

ಗಣಿಯ ಬಗ್ಗೆ ನನಗೆ ಗೊತ್ತಿದ್ದನ್ನು ಹೇಳಿದೆ. ಗೋಪುರದ ಕೆಳಗೆ ಬಾಯಿ ಇರುತ್ತದೆ, ಬೋನಿನಲ್ಲಿ ನಿಲ್ಲಿಸಿ ಹಗ್ಗದಲ್ಲಿ ಇಳಿಸುತ್ತಾರೆ, ಕೊನೆಕೊನೆಗೆ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋಗಿತ್ತು, ಅಷ್ಟು ಆಳದ ಗಣಿ ಜಗತ್ತಿನಲ್ಲೇ ಕೆಲವು, ಆ ಆಳದಲ್ಲಿ ಬಂಡೆಯ ಮೇಲಿನ ಭಾರಕ್ಕೆ ಬಂಡೆ ತಾನಾಗಿ ಸಿಡಿಯುತ್ತದೆ.

"ಸಿಡೀತು" ಅಂದರು ಅಜ್ಜಿ.

ಪೋಸ್ಟಣ್ಣ ಬೇಗ ಬೇಗ ಉಳಿದ ಕಾರ್ಡು ಬಿಡಿಸಿದರು. ರಾಬರ್ಟ್‌ಸನ್‌ಪೇಟೆ ಠಸ್ಸೆಯವು ಇನ್ನೂ ಎರಡು ಮೂರು ಸಿಕ್ಕವು, ಬೋಳು ಕಾರ್ಡುಗಳು. ಹಬ್ಬಕ್ಕೆ ರಜ ಇಲ್ಲ ಅಂತ ಒಂದು. ತಂಗಿ ಹಡೆದ ಸುದ್ದಿ ಮುಟ್ಟಿತು, ಸಂತೋಷ ಅಂತ ಒಂದು. ಆಮೇಲೆ ಆ ಠಸ್ಸೆಯೇ ಇಲ್ಲ. ಅಜ್ಜಿಯ ಅಣ್ಣ ಸತ್ತ ಸುದ್ದಿಯ ಕಾರ್ಡು ಸಿಗಬಹುದು ಅಂತ ನಾನು ಮತ್ತೆ ಚೀಲಕ್ಕೆ ಕೈ ಹಾಕಿದೆ.

"ಹುಡುಕ್ಬೇಡಿ ಮೇಷ್ಟ್ರೇ" ಅಂದರು ಅಜ್ಜಿ. "ಸಾವಿನ ಕಾರ್ಡು ಮನೇಲಿ ಇಡ್ತಾರಾ? ಓದಿದ ತಕ್ಷಣ ಹರಿದು ಹಾಕಿ ತಲೇಗೆ ನೀರು ಹಾಕ್ಕೋತಾರೆ."

ಪೋಸ್ಟಣ್ಣ ಹೌದೆಂದು ತಲೆಯಾಡಿಸಿದರು. ಅಂಥ ಕಾರ್ಡನ್ನು ಅವರು ಒಳಗೆ ತಂದು ಕೊಡುತ್ತಲೂ ಇರಲಿಲ್ಲವಂತೆ, ಯಜಮಾನರನ್ನು ಬೀದಿಗೆ ಕರೆದು ಕೊಡುತ್ತಿದ್ದರಂತೆ.

ಹಳೇ ಕಾಗದ ಕೂಡಿಡುವವರೆಲ್ಲ ತಿಳಿದಿರಬೇಕಾದ ಮಾತಿದು. ನಮ್ಮ ಮನೆಗಳ ಕಂಬಿಯಲ್ಲಿ ಮದುವೆ ಇರುತ್ತದೆ, ಹೆರಿಗೆ ಇರುತ್ತದೆ, ಮಳೆ, ಬೆಲೆ, ಸಾಲ, ಜಗಳ ಎಲ್ಲಾ ಇರುತ್ತದೆ. ಸಾವು ಇರುವುದಿಲ್ಲ. ಒಬ್ಬರ ಕಾರ್ಡು ಇದ್ದಕ್ಕಿದ್ದಂತೆ ನಿಂತರೆ ಅದನ್ನೇ ಸುದ್ದಿ ಅಂತ ಓದಬೇಕು. ಯಾವ ಪುಸ್ತಕದಿಂದಲೂ ನಾನಿದನ್ನು ಕಲಿಯಲಿಲ್ಲ. ಪಾಶ್ಚಾತ್ಯ ಸಂಗ್ರಹಕಾರರು ಚಿತ್ರ ಯಾವುದು, ಅಚ್ಚು ಹಾಕಿದವರು ಯಾರು, ಎಷ್ಟು ಅಪರೂಪ ಎಂದು ಬಹಳ ಚೆನ್ನಾಗಿ ಪಟ್ಟಿ ಮಾಡಿದ್ದಾರೆ. 2018ರಲ್ಲಿ ಲಂಡನ್ನಿನ ಸೋವಾಸ್ ವಿಶ್ವವಿದ್ಯಾಲಯದಲ್ಲಿ ಮದ್ರಾಸು ಮತ್ತು ಬೆಂಗಳೂರಿನ ಚಿತ್ರಕಾರ್ಡುಗಳನ್ನೇ ಇಟ್ಟುಕೊಂಡು ಆ ನಗರಗಳ ಚರಿತ್ರೆ ಹೇಳುವ ಪ್ರದರ್ಶನ ನಡೆಯಿತು. ಒಳ್ಳೆಯ ಕೆಲಸ, ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಆದರೆ ಶ್ರೀನಿವಾಸಪುರಕ್ಕೆ, ಮಾಲೂರಿಗೆ ಆ ದಾರಿ ಸಾಲದು. ಇಲ್ಲಿ ಕಾರ್ಡು ಅರ್ಧ ಮಾತ್ರ ಹೇಳುತ್ತದೆ. ಉಳಿದರ್ಧ ಆ ಮನೆಯ ಹಿರಿಯರ ಬಾಯಲ್ಲಿದೆ. ಹುಣಸೆಹಣ್ಣು ಕಳಿಸಿ ಎಂಬ ಒಂದು ಸಾಲು ನನಗೆ ಬರೀ ಸಾಲು. ಅದನ್ನು ಕೇಳಿ ಅಜ್ಜಿ ಹೇಳಿದ್ದಿಷ್ಟು: ಆ ಹುಣಸೆಹಣ್ಣನ್ನು ಬೀಜ ಬಿಡಿಸಿ, ಉಪ್ಪು ಹಾಕಿ ಉಂಡೆ ಕಟ್ಟಿದ್ದು ತಾನೇ, ಅದು ಯಾರಿಗೆ ಹೋಗುತ್ತದೆ ಎಂದು ಆಗ ಯಾರೂ ಹೇಳಿರಲಿಲ್ಲ.

ಒಲೆ ಆರುವ ಹೊತ್ತಿಗೆ ಚೀಲ ಖಾಲಿಯಾಗಿತ್ತು. ಹುಡುಗನೂ ಮಲಗಿರಲಿಲ್ಲ, ಅಷ್ಟು ಹೊತ್ತಿಗೆ ಅವನೇ ಕಾರ್ಡು ತೆಗೆದು ಅದರಲ್ಲಿದ್ದವರ ಹೆಸರು, ಸಂಬಂಧ ಕೇಳಲು ಶುರುಮಾಡಿದ್ದ. ಅಜ್ಜಿ ಮಾತಿಗೆ ತಪ್ಪದೆ ಎಲ್ಲವನ್ನೂ ನನಗೆ ಕೊಟ್ಟರು, ಅಣ್ಣನ ಕಾರ್ಡುಗಳನ್ನು ಬಿಟ್ಟು. ಅವನ್ನು ಅವರು ಸೆರಗಿಗೆ ಕಟ್ಟಿಕೊಂಡರು. ಕನ್ನಡ ಬರೆದ ಗಣಿಯ ಚಿತ್ರಕಾರ್ಡು ಆ ತರಹದ್ದು ನನಗೆ ಮತ್ತೆ ಸಿಕ್ಕಿಲ್ಲ. ಅದು ಇರಬೇಕಾದ ಕಡೆಯೇ ಉಳಿಯಿತು.

ಈಗ ಆ ಜಾಗದಲ್ಲಿ ಎರಡಂತಸ್ತಿನ ಕಟ್ಟಡವಿದೆ. ಪೋಸ್ಟಣ್ಣನೂ ಇಲ್ಲ, ಅಜ್ಜಿಯೂ ಇಲ್ಲ. ಪೋಸ್ಟಣ್ಣ ಗುರುತು ಹಾಕಿದ ನೋಟ್‌ಬುಕ್ಕು ನನ್ನ ಹತ್ತಿರ ಇದೆ, ಕಾರ್ಡುಗಳ ಜೊತೆಗೇ ಇಟ್ಟಿದ್ದೇನೆ, ಏಕೆಂದರೆ ಒಂದು ಬಿಟ್ಟು ಇನ್ನೊಂದಕ್ಕೆ ಅರ್ಥವಿಲ್ಲ.

ನಿಮ್ಮದು ಕೋಲಾರವೋ, ಮಾಲೂರೋ, ಮುಳಬಾಗಿಲೋ, ಇನ್ನಾವುದೇ ಊರೋ, ಹಳೇ ಮನೆ ಕೆಡವುವ ಮುಂಚೆ ದಯವಿಟ್ಟು ಒಮ್ಮೆ ಅಟ್ಟ ಹತ್ತಿ ನೋಡಿ. ಕಂಬಿ ಸಿಕ್ಕರೆ ಕಾರ್ಡುಗಳನ್ನು ಎಳೆದು ಹರಿಯಬೇಡಿ. ಮಕ್ಕಳಿಗೆ ಅಂಚೆಚೀಟಿ ಬೇಕೆಂದು ಕತ್ತರಿಸಿ ಕೊಡಬೇಡಿ. ಚೀಟಿಯ ಜೊತೆ ಠಸ್ಸೆ ಹೋಗುತ್ತದೆ, ಠಸ್ಸೆಯ ಜೊತೆ ಊರು, ತಾರೀಕು ಹೋಗುತ್ತದೆ. ಲ್ಯಾಮಿನೇಷನ್ ಮಾಡಿಸಬೇಡಿ. ಯಾರ ಮನೆಯದ್ದು, ಯಾರಿಗೆ ಯಾರು ಬರೆದದ್ದು ಎಂದು ಬೇರೊಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಎಲ್ಲಕ್ಕಿಂತ ಮೊದಲು, ಮನೆಯಲ್ಲಿ ಹಿರಿಯರೊಬ್ಬರು ಇದ್ದರೆ ಅವರ ಪಕ್ಕ ಕೂತು ಆ ಕಾರ್ಡುಗಳನ್ನು ಗಟ್ಟಿಯಾಗಿ ಓದಿ ಹೇಳಿ. ಈ ವಾರವೇ ಓದಿ.